ತಿಪ್ಪೆ ಗೊಬ್ಬರದಲ್ಲಿ ಕಳೆನಾಶಕ: ಅಲಸಂದಿ ಬಿತ್ತಿ ನೋಡಿ

ಹೊರಗಿನ ಗೊಬ್ಬರ ಹಾಕಿದ ಮಡಿಯಲ್ಲಿ ಟೊಮ್ಯಾಟೊ ಸುಳಿಗಳೆಲ್ಲ ಒಮ್ಮೆಲೇ ಮುರುಟಿದರೆ ಗೊಬ್ಬರವನ್ನೇ ಶಂಕಿಸಬೇಕು. ಬಿಳಿನೊಣ ತರುವ ಎಲೆಸುರುಳಿ ರೋಗ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಗಿಡದಿಂದ ಶುರುವಾಗುತ್ತದೆ. ಜಮಖಂಡಿ, ಮುಧೋಳ ಕಡೆ ಕಬ್ಬು, ಗೋವಿನಜೋಳಕ್ಕೆ 2,4-ಡಿ ಎಂಬ ಕಳೆನಾಶಕ ಹೊಡೆಯುತ್ತಾರೆ. ಮೇವು, ರವದಿಯ (ಕಬ್ಬಿನ ಒಣ ಎಲೆ) ಮೂಲಕ ಅದು ತಿಪ್ಪೆ ಸೇರಬಹುದು.

ಈಗ ಪ್ರತಿ ಗಾಡಿಗೂ ಈ ಪರೀಕ್ಷೆ ಮಾಡುತ್ತೇನೆ. ರಾಶಿಯ ಐದಾರು ಕಡೆ, ಒಳಗಿನಿಂದಲೂ, ಗೊಬ್ಬರ ತೆಗೆದು ಸಮಪಾಲು ಶುದ್ಧ ಮಣ್ಣಿನೊಡನೆ ಬೆರೆಸಿ 3 ಕುಂಡ ತುಂಬಬೇಕು. ಇನ್ನು 3ಕ್ಕೆ ಬರೀ ಮಣ್ಣು. ಪ್ರತಿಯೊಂದಕ್ಕೂ 4 ಅಲಸಂದಿ ಕಾಳು. ಕುಂಡದಡಿ ಬೇರೆಬೇರೆ ತಟ್ಟೆ ಇಡಲೇಬೇಕು. ಬಸಿದ ನೀರು ಪಕ್ಕದ ಕುಂಡಕ್ಕೆ ಸೇರಿದರೆ ಪರೀಕ್ಷೆ ಕೆಟ್ಟಂತೆ.

ಮೂರು ವಾರ ಕಾದು ಹೊಸ ಎಲೆ ನೋಡಿ. ಗೊಬ್ಬರದ ಕುಂಡಗಳಲ್ಲಿ ಮಾತ್ರ ಬಟ್ಟಲಿನಂತೆ ಮುದುಡಿದ ಎಲೆ, ತಿರುಚಿದ ಕಾಂಡ ಇದ್ದರೆ ಕಳೆನಾಶಕದ್ದೇ ಲಕ್ಷಣ. ಅಂಚು ಮಾತ್ರ ಸುಟ್ಟಿದ್ದರೆ ಹಸಿ ಗೊಬ್ಬರದ ಉಪ್ಪು, ಅಮೋನಿಯಾ, ಇನ್ನಷ್ಟು ಕೊಳೆಯಲಿ. ಈ ಪರೀಕ್ಷೆಗೆ ಜೋಳ ಬೇಡ, 2,4-ಡಿ ಹುಲ್ಲಿನ ಜಾತಿಯನ್ನು ಅಷ್ಟಾಗಿ ಕಾಡುವುದಿಲ್ಲ. ಅದಕ್ಕೇ ಕೆಟ್ಟ ಗೊಬ್ಬರವನ್ನು ಜೋಳದ ಹೊಲಕ್ಕೆ ತೆಳ್ಳಗೆ ಹರಡಿ ಮಣ್ಣಲ್ಲಿ ಬೆರೆಸುವುದು ವಾಸಿ. ಅಲ್ಲಿ ತೊಗರಿ, ಕಡಲೆ ಹಾಕುವ ಮುನ್ನ ಆ ಮಣ್ಣಿನಲ್ಲೂ ಅಲಸಂದಿ ಬಿತ್ತಿ ನೋಡಿ.