ಮೈದನಹಳ್ಳಿಯಲ್ಲಿ ಸುಮ್ನೆ ಕೂತ ಒಂದು ದಿನ

ದಸರಾ ರಜೆಗೆ ನಾವು ಮಧುಗಿರಿಯ ಅತ್ತೆ ಮನೆಗೆ ಹೋಗುತ್ತೇವೆ. ಪ್ರತಿ ಸಲ ಮಕ್ಕಳನ್ನು ಬೆಟ್ಟ ಹತ್ತಿಸುವುದು ವಾಡಿಕೆ. ಈ ಸಲ ಅತ್ತೆಗೆ ಮಂಡಿನೋವು. ಎಲ್ಲರೂ ಒಟ್ಟಿಗೆ ಹೋಗುವಂಥ ಜಾಗ ಬೇಕಿತ್ತು. ಮೈದನಹಳ್ಳಿ ಅಂದೆ. ಅಲ್ಲಿ ಬೆಟ್ಟವೂ ಇಲ್ಲ, ಮೆಟ್ಟಿಲೂ ಇಲ್ಲ, ಬರೀ ಕೃಷ್ಣಮೃಗ ಮೇಯುವ ಬಯಲು.

ಎರಡು ವರ್ಷದ ಹಿಂದೆ ಒಮ್ಮೆ ಹೋಗಿದ್ದೆವು. ಆಗ ತಿಂಡಿ ಮುಗಿಸಿ, ಹನ್ನೊಂದು ಗಂಟೆಯ ಬಿಸಿಲಲ್ಲಿ ತಲುಪಿದ್ದೆವು. ದೂರದಲ್ಲಿ ನಾಲ್ಕು ಚುಕ್ಕೆ ಕಂಡವು, ಹತ್ತಿರ ಹೋದರೆ ಓಡಿದವು, ನಾವೂ ವಾಪಸ್ ಬಂದೆವು. ಅದಕ್ಕೇ ಈ ಸಲ ಬುತ್ತಿ ಕಟ್ಟಿಕೊಂಡು ಕತ್ತಲಲ್ಲೇ ಹೊರಟೆವು. ಒಳಗೆ ಹೋಗುವ ಬಗ್ಗೆ ಹಿಂದಿನ ದಿನವೇ ಅರಣ್ಯ ಇಲಾಖೆಯವರನ್ನು ಕೇಳಿಕೊಂಡಿದ್ದೆವು.

ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ ಅಂತ ಇದರ ಪೂರ್ತಿ ಹೆಸರು. ದೇವರಾಯನದುರ್ಗದಲ್ಲಿ ಹುಟ್ಟಿ ಈ ಕಡೆ ಹರಿಯುವ ಹೊಳೆಯದೇ ಹೆಸರು. 798 ಎಕರೆ ಹುಲ್ಲುಗಾವಲು, ಮೀಸಲು ಅಂತ ಘೋಷಿಸಿದ್ದು 2007ರಲ್ಲಿ. ಹುಲಿ ಆನೆಯ ಕಾಡು ನೋಡಿದವರಿಗೆ ಇದು ಪಾಳುಬಿದ್ದ ಹೊಲದ ಹಾಗೆ ಕಾಣಬಹುದು. ಆದರೆ ಈ ಮೃಗಕ್ಕೆ ಬೇಕಾದ್ದೇ ಇಂಥ ಬಯಲು. ದೂರದಿಂದಲೇ ಅಪಾಯ ಕಾಣಬೇಕು, ಕಂಡ ಕೂಡಲೇ ಓಡೋಕೆ ಜಾಗ ಇರಬೇಕು. ಮರ ನೆಟ್ಟು ಕಾಡು ಮಾಡಿದರೆ ಇವಕ್ಕೆ ನೆಲೆಯೇ ಇಲ್ಲ.

ವೀಕ್ಷಣಾ ಗೋಪುರ ಹತ್ತಿದ ಕೂಡಲೇ ಮಗ ಬೈನಾಕ್ಯುಲರ್ ಹಿಡಿದು "ಎಲ್ಲಿ, ಎಲ್ಲಿ" ಅಂತ ಶುರು ಮಾಡಿದ. ಮಾವ ಅವನನ್ನು ಪಕ್ಕಕ್ಕೆ ಎಳೆದುಕೊಂಡರು. "ಸುಮ್ಕೆ ಕೂತ್ಕ ಮಗಾ. ನಾವು ಹುಡುಕ್ಕೊಂಡು ಹೋದ್ರೆ ಓಡ್ತವೆ. ಕೂತಿದ್ರೆ ಅವೇ ಬತ್ತವೆ."

ಅರ್ಧ ಗಂಟೆ ಏನೂ ಇಲ್ಲ. ನೆಲಗುಬ್ಬಿಯೊಂದು ಸರ್ರನೆ ಮೇಲೇರಿ, ಸಿಳ್ಳೆ ಹಾಕುತ್ತಾ ಕಲ್ಲು ಬಿದ್ದ ಹಾಗೆ ಕೆಳಗಿಳಿಯುತ್ತಿತ್ತು. ಆಮೇಲೆ ಹುಲ್ಲಿನ ಬಣ್ಣದ್ದೇ ಒಂದು ತಲೆ ಎದ್ದಿತು. ಅದರ ಹಿಂದೆ ಇನ್ನೊಂದು. ಎಣಿಸುತ್ತಾ ಹೋದರೆ ಹದಿನೇಳು ಹೆಣ್ಣು, ಒಂದಕ್ಕೂ ಕೊಂಬಿಲ್ಲ. ಕೊನೆಗೆ ಬಂದ ಗಂಡು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕಣ್ಣಿನ ಸುತ್ತ ಬಿಳಿ ಬಳೆ, ತಿರುಚಿದ ಕೊಂಬು. ಒಂದು ಕಡೆ ನಿಂತು ಹಿಕ್ಕೆ ಹಾಕಿತು. ಮಗಳು ಮೂಗು ಮುರಿದಳು. ಗಂಡು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ "ಇದು ನನ್ನ ಜಾಗ" ಅಂತ ಗುರುತು ಇಡುತ್ತದೆ ಅಂದೆ. ಆಮೇಲೆ ಅವಳು ಅದನ್ನು ಬಿಟ್ಟು ಬೇರೇನೂ ನೋಡಲಿಲ್ಲ.

ಬಿಸಿಲೇರಿದಾಗ ಹೊರಗೆ ಬಂದು ಹುಣಸೆಮರದ ನೆರಳಲ್ಲಿ ಚಾಪೆ ಹಾಸಿದೆವು. ಚಿತ್ರಾನ್ನ, ಮೊಸರನ್ನ, ಬೇಯಿಸಿದ ಕಡಲೆಕಾಯಿ. ಸಿಪ್ಪೆಯನ್ನೂ ಚೀಲಕ್ಕೇ ತುಂಬಿದೆವು. ಹತ್ತಿರ ಅಂಗಡಿ ಇಲ್ಲ, ನೀರು ಮಾತ್ರ ಜಾಸ್ತಿನೇ ಒಯ್ಯಿರಿ. ದನ ಮೇಯಿಸಲು ಬಂದ ರೈತರೊಬ್ಬರು ನಮ್ಮ ಜೊತೆ ಕೂತರು. ಮೃಗಗಳು ರಾತ್ರಿ ಅವರ ಕಡಲೆಕಾಯಿ ಹೊಲಕ್ಕೆ ನುಗ್ಗುತ್ತವಂತೆ. ನಷ್ಟದ ಬೇಸರ ಹೇಳಿಕೊಂಡರು, ಆದರೆ "ಅವು ತಾನೇ ಎಲ್ಲಿಗೆ ಹೋಗ್ತವೆ" ಅಂತ ಅವರೇ ಅಂದರು. ನಾವು ದೂರದಿಂದ ಬಂದು ಖುಷಿಪಡುವ ಪ್ರಾಣಿಗೆ ಮೇವು ಹಾಕುತ್ತಿರುವುದು ಇಂಥವರು, ಅಲ್ವಾ?

ಮಧ್ಯಾಹ್ನ ಯಾರೋ ಫೋಟೋ ಆಸೆಗೆ ಕಾರನ್ನು ಹುಲ್ಲಿನೊಳಗೇ ಓಡಿಸಿದರು. ನನಗೆ ಎದೆ ಧಸಕ್ಕೆಂದಿತು. ಹೊಸ ಮರಿಗಳು ಓಡುವುದಿಲ್ಲ, ತಾಯಿ ಮೇಯುವಾಗ ಹುಲ್ಲಲ್ಲಿ ಅಲ್ಲಾಡದೆ ಮಲಗಿರುತ್ತವೆ. ಚಕ್ರದ ಕೆಳಗೆ ಸಿಕ್ಕರೂ ಒಳಗೆ ಕೂತವರಿಗೆ ಗೊತ್ತಾಗುವುದಿಲ್ಲ. ದಯವಿಟ್ಟು ಗಾಡಿಯನ್ನು ದಾರಿ ಬಿಟ್ಟು ಇಳಿಸಬೇಡಿ.

ಸಂಜೆ ಮತ್ತೆ ಗೋಪುರಕ್ಕೆ ಹೋದೆವು. ಅತ್ತೆ ಕೆಳಗೇ ಕುರ್ಚಿ ಹಾಕಿಸಿಕೊಂಡು ಕೂತರು. ದೂರದಲ್ಲಿ ಏನಕ್ಕೋ ಬೆದರಿದ ಒಂದು ಹೆಣ್ಣು ನಾಲ್ಕೂ ಕಾಲು ಎತ್ತಿ ನೆಗೆಯಿತು. ಹಿಂದೆಯೇ ಇಡೀ ಹಿಂಡು ಒಂದೊಂದಾಗಿ ಚಿಮ್ಮುತ್ತಾ ಸಾಗಿತು. ನಾನು ಇಳಿದು ಬಂದಾಗ ಅತ್ತೆ ಕೈ ಹಿಡಿದುಕೊಂಡು, "ಕಂಡೆ ಕಣಮ್ಮಾ, ಇಲ್ಲಿಂದಲೇ ಕಂಡೆ" ಅಂದರು.