ಚಿಲೋಯೆಯಲ್ಲಿ ಇಂಗ್ಲಿಷ್ ಮಿಸ್ ಆಗಿದ್ದಾಗ

ಚಿಲಿಯ ಶಿಕ್ಷಣ ಇಲಾಖೆ 'ಇಂಗ್ಲೆಸ್ ಆಬ್ರೆ ಪುಯೆರ್ತಾಸ್' ಅನ್ನೋ ಕಾರ್ಯಕ್ರಮದಲ್ಲಿ ಇಂಗ್ಲಿಷ್ ಪಾಠಕ್ಕೆ ಹೊರದೇಶದವರನ್ನು ಸರ್ಕಾರಿ ಶಾಲೆಗಳಿಗೆ ಕರೆಸಿಕೊಳ್ಳುತ್ತಿತ್ತು. ಸಂಬಳ ಇಲ್ಲ. ಸ್ಥಳೀಯರ ಮನೆಯಲ್ಲಿ ಊಟ, ವಸತಿ ಸಿಗುತ್ತಿತ್ತು. 2017ರಲ್ಲಿ ನಾನೂ ಹೋದೆ. ನನ್ನ ಪಾಲಿಗೆ ಬಂದದ್ದು ಚಿಲೋಯೆ ದ್ವೀಪದ ಕಾಸ್ತ್ರೊ ಪಟ್ಟಣ. ರಾಜಧಾನಿ ಸಾಂತಿಯಾಗೊದಿಂದ ದಕ್ಷಿಣಕ್ಕೆ ಸುಮಾರು 1,200 ಕಿಲೋಮೀಟರ್. ಕೊನೆಯಲ್ಲಿ ಬಸ್ಸೇ ಫೆರಿ ಹತ್ತಿ ಸಮುದ್ರ ದಾಟುತ್ತದೆ.

ನಾನು ಹೋದ ಜುಲೈ ಅಲ್ಲಿ ನಡು ಚಳಿಗಾಲ. ತೀರ್ಥಹಳ್ಳಿ ಕಡೆಯವಳಾದ ನನಗೇ ಸಾಕು ಸಾಕೆನಿಸುವಷ್ಟು ಮಳೆ. ಮನೆಯವರೆಲ್ಲ ಅಡುಗೆಮನೆಯ ಸೌದೆ ಒಲೆ ಬಿಟ್ಟು ಕದಲುತ್ತಿರಲಿಲ್ಲ. ನಾನೂ ಅಷ್ಟೇ. ಸ್ಪ್ಯಾನಿಷ್ ಕಲಿತದ್ದು ಅಲ್ಲೇ, ಸಾಕ್ಸ್ ಒಣಗಿಸಿಕೊಳ್ಳುತ್ತಾ.

ಶಾಲೆಯಲ್ಲಿ ಮಕ್ಕಳು ನನ್ನನ್ನು 'ಮಿಸ್' ಅಂತಲೇ ಕರೆದರು. ಇಂಗ್ಲಿಷ್ ಪಿರಿಯಡ್‌ನಲ್ಲಿ ತರಗತಿಯ ಅರ್ಧ ಮಕ್ಕಳು ಅವರ ಟೀಚರ್ ಹತ್ತಿರ ಉಳಿದರೆ, ಇನ್ನರ್ಧ ನನ್ನ ಹತ್ತಿರ. ನನ್ನ ಕೆಲಸ ಮಾತಾಡಿಸುವುದು ಮಾತ್ರ. ನೋಟ್‌ಬುಕ್ ತೆಗೆದರೆ ಎಲ್ಲರ ವ್ಯಾಕರಣವೂ ಅಚ್ಚುಕಟ್ಟು, ಬಾಯಿ ಬಿಡು ಅಂದರೆ ತಲೆ ಕೆಳಗೆ. ನಮ್ಮ ಕನ್ನಡ ಮೀಡಿಯಂ ಮಕ್ಕಳ ಕಥೆಯೂ ಇದೇ ಅಲ್ವಾ?

ಯಾವ ಚಟುವಟಿಕೆ ಕೊಟ್ಟರೂ ಮೊದಲ ಪ್ರಶ್ನೆ ಒಂದೇ: "ಮಿಸ್, ಕೊನ್ ನೋತಾ?" ಅಂದರೆ, ಇದಕ್ಕೆ ಮಾರ್ಕ್ಸ್ ಇದ್ಯಾ? ಚಿಲಿಯಲ್ಲಿ 1ರಿಂದ 7ರವರೆಗೆ ಅಂಕ, ಪಾಸಾಗಲು 4 ಬೇಕು. ನನ್ನ ಕ್ಲಾಸಿಗೆ ಮಾರ್ಕ್ಸ್ ಇಲ್ಲ ಅಂದೆ. ಕೆಲವರು ನಿರಾಳವಾದರು. ಇನ್ನು ಕೆಲವರು ಆರಾಮಾಗಿ ಬೆಂಚಿನ ಮೇಲೆ ತಲೆಯಿಟ್ಟು ಮಲಗಿದರು!

ಅವರನ್ನು ಎಬ್ಬಿಸಿದ್ದು ಆಲೂಗಡ್ಡೆ. ಚಿಲೋಯೆ ಅಂದರೆ ಆಲೂಗಡ್ಡೆಯ ತವರುಗಳಲ್ಲಿ ಒಂದು. ಕಪ್ಪು, ಕೆಂಪು, ಒಳಗೆಲ್ಲ ನೇರಳೆ, ಬೆರಳಿನ ಹಾಗೆ ಸೊಟ್ಟಗಿರುವುದು, ಹೀಗೆ ನೂರಾರು ನಾಟಿ ತಳಿಗಳು. ಮನೆಯಿಂದ ಒಂದೊಂದು ತನ್ನಿ, ಇಂಗ್ಲಿಷಿನಲ್ಲಿ ಮಾರಿ ಅಂದೆ. ಬೆಂಚು ಜೋಡಿಸಿ ಸಂತೆ ಮಾಡಿದೆವು. ಕೊಳ್ಳುವವರು ಚೌಕಾಸಿ ಮಾಡಲೇಬೇಕು ಅನ್ನೋದು ನಿಯಮ. ಪಠ್ಯಪುಸ್ತಕದ ಪಾಠದಲ್ಲಿ ಬರುವ ಅಂಗಡಿಯಲ್ಲಿ ಎಲ್ಲಕ್ಕೂ ಎರಡು ಡಾಲರ್, ಮೂರು ಡಾಲರ್. ಆದರೆ ಚಿಲಿಯ ಹಣ ಪೆಸೊ ಲೆಕ್ಕದಲ್ಲಿ ಒಂದು ಕಿಲೋ ಆಲೂಗಡ್ಡೆಗೇ ನೂರಾರು ಪೆಸೊ. ಹಾಗಾಗಿ 'ಫೈವ್ ಹಂಡ್ರೆಡ್', 'ಒನ್ ಥೌಸಂಡ್' ತಾವಾಗಿಯೇ ನಾಲಿಗೆಗೆ ಬಂದವು. ಅದುವರೆಗೆ ತುಟಿ ಬಿಚ್ಚದಿದ್ದ ಹುಡುಗನೊಬ್ಬ ನೇರಳೆ ಬಣ್ಣದ ಮಿಚುನ್ಯೆ ಆಲೂಗಡ್ಡೆ ಎತ್ತಿ ಹಿಡಿದು ಕೂಗಿದ: "ವೆರಿ ಗುಡ್! ಮೈ ಗ್ರ್ಯಾಂಡ್‌ಮದರ್!" ಅಜ್ಜಿ ಬೆಳೆದದ್ದು ಅಂತ. ನಾನು ತಿದ್ದಲಿಲ್ಲ. ವ್ಯಾಪಾರ ಮಾತ್ರ ಜೋರಾಗಿ ಆಯಿತು. ಆಮೇಲೆ ಮಾಡಿದ ಪಾಠಗಳಲ್ಲೆಲ್ಲ ಅವರ ಊರಿನದೇ ಏನಾದರೂ ಇರುವಂತೆ ನೋಡಿಕೊಂಡೆ: ಮೀನು ದೋಣಿ, ಫೆರಿ ಟಿಕೆಟ್, ಕಂಬಗಳ ಮೇಲೆ ನಿಂತ ಪಲಾಫಿತೊ ಮನೆಗಳು.

ಸ್ಟಾಫ್‌ರೂಮಿನಲ್ಲಿ ಬೇರೆಯದೇ ಪಾಠ. ಒಳಗೆ ಬಂದವರು ಪ್ರತಿಯೊಬ್ಬರ ಕೆನ್ನೆಗೂ ಕೆನ್ನೆ ತಾಗಿಸಿ ಮುತ್ತಿಡಬೇಕು, ಹೊರಡುವಾಗ ಮತ್ತೊಮ್ಮೆ. ದೂರದಿಂದ ಕೈ ಮುಗಿದರೆ ಮುಖ ಸಪ್ಪಗೆ ಮಾಡುತ್ತಾರೆ. ಒಂದೆರಡು ವಾರ ಮೈಯೆಲ್ಲ ಹಿಡಿಯಾದಂತಾಗುತ್ತಿತ್ತು, ಆಮೇಲೆ ರೂಢಿಯಾಯಿತು.

ಊಟದ ವಿಷಯ. ಮಾಂಸ ತಿನ್ನಲ್ಲ ಅಂದಾಗ ಮನೆಯ ತೀಯಾ, ಅಂದರೆ ಅಲ್ಲಿಯ ಅತ್ತೆ-ಚಿಕ್ಕಮ್ಮ, "ಕೋಳಿ ತಿಂತೀಯ ತಾನೆ?" ಅಂದರು. ಅದೂ ಇಲ್ಲ ಅಂದಾಗ ನಿಜಕ್ಕೂ ಚಿಂತೆಗೆ ಬಿದ್ದರು. ಅಲ್ಲಿಯ ಮಿಲ್ಕಾವೊ ಅನ್ನೋ ಆಲೂಗಡ್ಡೆ ರೊಟ್ಟಿಗೂ ಹಂದಿಕೊಬ್ಬು ಬೀಳುತ್ತದೆ. ನನಗಂತ ಎಣ್ಣೆಯಲ್ಲಿ ಬೇರೆ ಮಾಡಿಕೊಟ್ಟರು. ಸಂಜೆಯ 'ಒನ್ಸೆ'ಯಲ್ಲಿ ನನಗೆ ತೊಂದರೆಯೇ ಇರಲಿಲ್ಲ: ಬಿಸಿ ಬ್ರೆಡ್ಡು, ಉಪ್ಪು ಹಾಕಿ ಕಿವುಚಿದ ಬೆಣ್ಣೆಹಣ್ಣು, ಚೀಸು, ಹಾಲಿಲ್ಲದ ಟೀ. ಎಷ್ಟೋ ಮನೆಗಳಲ್ಲಿ ರಾತ್ರಿ ಊಟವೂ ಅದೇ. ಮಳೆ ಜಾಸ್ತಿಯಾದ ದಿನ ಸೋಪಾಯ್‌ಪಿಯಾ ಕರಿಯುತ್ತಿದ್ದರು, ಸಿಹಿಗುಂಬಳ ಕಲಸಿದ ಹಿಟ್ಟಿನದು. ಅದನ್ನು ಚಂಕಾಕಾ ಪಾಕದಲ್ಲಿ ಅದ್ದುತ್ತಾರೆ. ಚಂಕಾಕಾ ಅಂದರೆ ಬೆಲ್ಲವೇ, ಇನ್ನೇನಲ್ಲ. ಬಾಯಿಗಿಟ್ಟಾಗ ಒಂದು ನಿಮಿಷ ಮಾತೇ ಹೊರಡಲಿಲ್ಲ.

ಸೆಪ್ಟೆಂಬರ್ ಬಂದರೆ ಪಾಠದ ಆಸೆ ಬಿಡಬೇಕು. 18ನೇ ತಾರೀಖು ಅವರ ರಾಷ್ಟ್ರೀಯ ಹಬ್ಬ. 1810ರಲ್ಲಿ ಅವರ ಮೊದಲ ಸ್ವಂತ ಆಡಳಿತ ಸಮಿತಿ ಸೇರಿದ ದಿನ ಅದು. ಸ್ವಾತಂತ್ರ್ಯ ಘೋಷಣೆ 1818ರ ಫೆಬ್ರವರಿಯಲ್ಲಾದರೂ ಸಂಭ್ರಮವೆಲ್ಲ ಇದಕ್ಕೇ. ವಾರಗಳ ಮುಂಚಿನಿಂದಲೇ ಶಾಲೆಯಲ್ಲಿ ಕುಯೇಕಾ ನೃತ್ಯದ ತಾಲೀಮು, ಕರವಸ್ತ್ರ ಬೀಸುತ್ತಾ ಜೋಡಿಯಾಗಿ ಕುಣಿಯುವುದು. ಎಂಟನೇ ಕ್ಲಾಸಿನ ಹುಡುಗಿಯರು ನನ್ನ ಕೈಗೂ ಕರವಸ್ತ್ರ ಕೊಟ್ಟು ನಿಲ್ಲಿಸಿದರು. "ಮಿಸ್, ಕಾಲು ನೋಡಬೇಡಿ, ಎದುರಿನವರ ಕಣ್ಣು ನೋಡಿ" ಅಂತ ಪಾಪ ಎಷ್ಟು ಸಲ ಹೇಳಿಕೊಟ್ಟರೋ!

ಇಂಥ ಕೆಲಸಕ್ಕೆ ಚಿಲಿಗೆ ಹೋಗುವ ಯೋಚನೆಯಿದ್ದರೆ ಸೆಪ್ಟೆಂಬರ್ ಒಳಗೊಂಡ ಅವಧಿಯನ್ನೇ ಆರಿಸಿಕೊಳ್ಳಿ. ಶಾಲಾ ವರ್ಷ ಮಾರ್ಚ್‌ನಿಂದ ಡಿಸೆಂಬರ್. ಕೈಖರ್ಚಿಗೆ ನಿಮ್ಮದೇ ದುಡ್ಡಿರಲಿ. ಒಂದಿಷ್ಟು ಸ್ಪ್ಯಾನಿಷ್ ಮೊದಲೇ ಕಲಿಯಿರಿ, ಆದರೂ ಅವರ ಮಾತು ಮೊದಮೊದಲು ತಲೆಗೆ ಹೋಗಲ್ಲ. 'ಸ' ಅಕ್ಷರ ನುಂಗಿಬಿಡುತ್ತಾರೆ, ಮಾತಿನ ಕೊನೆಗೆಲ್ಲ 'ಪೊ' ಸೇರಿಸುತ್ತಾರೆ. ದಕ್ಷಿಣಕ್ಕೆ ಹೋಗುವವರು ಸ್ವೆಟರ್‌ಗಿಂತ ಮೊದಲು ಒಳ್ಳೆಯ ರೇನ್‌ಕೋಟು ಕೊಳ್ಳಿ.