ಕುನ್ಮಿಂಗ್‌ನ ಯೋಗಶಾಲೆಯಲ್ಲಿ ಹಿಂದಿನ ಸಾಲಿನ ಚಾಪೆ

2020ರ ಜನವರಿಯಲ್ಲಿ ಚೀನೀ ಹೊಸ ವರ್ಷದ ರಜೆಗೆಂದು ಚೀನಾದ ಕುನ್ಮಿಂಗ್ ನಗರದಿಂದ ಮೈಸೂರಿಗೆ ಹೊರಟಾಗ ಬಾಡಿಗೆ ಮನೆಯ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಮೂರು ವರ್ಷಗಳಿಂದ ಅಲ್ಲಿನ ಒಂದು ಚಿಕ್ಕ ಯೋಗಶಾಲೆಯಲ್ಲಿ ಕಲಿಸುತ್ತಿದ್ದ ನಾನು ತಿಂಗಳೊಪ್ಪತ್ತಿನಲ್ಲಿ ಮರಳುವವನೇ ಆಗಿದ್ದರಿಂದ, ವಿದ್ಯಾರ್ಥಿಗಳಿಗೆ ಕನ್ನಡದಲ್ಲೇ ‘ಹೋಗಿ ಬರುತ್ತೇನೆ’ ಎಂದು ಹೇಳಿ, ಅದರ ಅರ್ಥವನ್ನು ವಿವರಿಸಿ ಬಂದಿದ್ದೆ. ಮಾರ್ಚ್ 28ರಿಂದ ಚೀನಾ ವಿದೇಶಿಯರ ಪ್ರವೇಶವನ್ನು ನಿಲ್ಲಿಸಿತು. ಜೂನ್ ಕೊನೆಯಲ್ಲಿ ಭಾರತ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವೀಚ್ಯಾಟ್ ಕೂಡ ಸೇರಿತ್ತು. ಅಲ್ಲಿನ ಬದುಕೆಲ್ಲ ಆ ಒಂದೇ ಆ್ಯಪ್‌ನಲ್ಲಿ ನಡೆಯುತ್ತಿದ್ದುದರಿಂದ, ಇಡೀ ತರಗತಿಯಲ್ಲಿ ನನಗೆ ಉಳಿದದ್ದು ಒಬ್ಬ ಶಿಷ್ಯೆಯ ಇಮೇಲ್ ವಿಳಾಸ ಮಾತ್ರ.

ನೇರ ವಿಮಾನಗಳು ಮತ್ತೆ ಶುರುವಾಗುವವರೆಗೆ ಕಾದೆ. 2025ರ ಅಕ್ಟೋಬರ್ 26ರಂದು ಕೋಲ್ಕತ್ತ–ಗುವಾಂಗ್‌ಝೌ ಹಾರಾಟ ಪುನರಾರಂಭವಾಯಿತು. ಡಿಸೆಂಬರ್‌ನಲ್ಲಿ ನಾನು ಅದೇ ದಾರಿ ಹಿಡಿದೆ. ವೀಸಾ ಅರ್ಜಿಯ ಜೊತೆ ಹಳೆಯ ಪಾಸ್‌ಪೋರ್ಟಿನಲ್ಲಿದ್ದ ಚೀನೀ ವೀಸಾ ಪುಟಗಳ ಪ್ರತಿಗಳನ್ನೂ ಇಟ್ಟಿದ್ದೆ. ಅಲ್ಲಿ ಕೆಲಸ ಮಾಡಿದವರು ಹಳೆಯ ಪಾಸ್‌ಪೋರ್ಟನ್ನು ಎಂದಿಗೂ ಕಳೆದುಕೊಳ್ಳಬಾರದು. ಗುವಾಂಗ್‌ಝೌನಿಂದ ಕುನ್ಮಿಂಗ್‌ಗೆ ಸುಮಾರು 1,300 ಕಿ.ಮೀ. ದೂರವನ್ನು ರೈಲಿನಲ್ಲಿ ಹೋದೆ. ನಾನು ಕೆಲಸಕ್ಕೆ ಸೇರಿದ ವರ್ಷದ ಕೊನೆಗೆ, ಅಂದರೆ 2016ರ ಡಿಸೆಂಬರ್‌ನಲ್ಲಿ, ಸಂಚಾರಕ್ಕೆ ತೆರೆದ ವೇಗದ ಮಾರ್ಗವದು. ಈಗ ಕಾಗದದ ಟಿಕೆಟ್ ಇಲ್ಲ. ಕಾದಿರಿಸುವಾಗ ಕೊಟ್ಟ ಪಾಸ್‌ಪೋರ್ಟೇ ಟಿಕೆಟ್. ಶಿಷ್ಯೆಯ ತಂದೆತಾಯಿಯರ ಒತ್ತಾಯದಿಂದ ಅವರ ಮನೆಯಲ್ಲೇ ಉಳಿದೆ. ಹೋಟೆಲಿನಲ್ಲಾದರೆ ನೋಂದಣಿಯನ್ನು ಅವರೇ ಮಾಡುತ್ತಾರೆ, ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ನಾವೇ ಹೆಸರು ಬರೆಸಬೇಕು. ಬಂದ ದಿನವೇ ಆ ಕೆಲಸ ಮುಗಿಸಿದೆ.

ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿರುವ ಕುನ್ಮಿಂಗ್ ಅನ್ನು ಚೀನೀಯರು ‘ವಸಂತದ ನಗರ’ ಎಂದು ಕರೆಯುತ್ತಾರೆ. ಚಳಿಗಾಲದಲ್ಲೂ ಮಧ್ಯಾಹ್ನದ ಬಿಸಿಲು ನಮ್ಮ ಮೈಸೂರಿನ ಮಾಗಿಯನ್ನು ನೆನಪಿಸುತ್ತದೆ. ತ್ಸುಯ್‌ಹೂ ಕೆರೆಯ ದಂಡೆಯಲ್ಲಿ ಸೈಬೀರಿಯಾದಿಂದ ಬಂದ ಕೆಂಪು ಕೊಕ್ಕಿನ ಕಡಲಹಕ್ಕಿಗಳು ಜನರು ಎಸೆದ ಬ್ರೆಡ್ಡಿನ ತುಣುಕನ್ನು ಗಾಳಿಯಲ್ಲೇ ಹಿಡಿಯುತ್ತಿದ್ದವು. 1985ರಿಂದ ಅವು ಪ್ರತಿ ಚಳಿಗಾಲದಲ್ಲೂ ಈ ಊರಿಗೆ ಬರುತ್ತಿವೆ. ಶಿಷ್ಯೆಯ ತಾಯಿ ನನಗಾಗಿ ರೂಬಿಂಗ್ ಕರಿದಿದ್ದರು. ಮೇಕೆಯ ಹಾಲನ್ನು ಒಡೆಸಿ, ಬಟ್ಟೆಯಲ್ಲಿ ಕಟ್ಟಿ, ಒತ್ತಿ ಮಾಡುವ ಈ ಯುನ್ನಾನ್ ಪ್ರಾಂತ್ಯದ ತಿನಿಸು ನಮ್ಮ ಪನೀರಿನ ಅಣ್ಣತಮ್ಮನಂತಿದೆ. ಸಸ್ಯಾಹಾರಿಯಾದ ನನ್ನನ್ನು ಆ ಮೂರು ವರ್ಷ ಕಾಪಾಡಿದ್ದು ಅದೇ, ಮತ್ತು ಆ ತಾಯಿಗೆ ಅದು ನೆನಪಿತ್ತು. ನಾನಿದ್ದ ಹಳೆಯ ಮನೆಯ ಬೀಗ ಬದಲಾಗಿತ್ತು. ಜೊತೆಗೊಯ್ದಿದ್ದ ಬೀಗದ ಕೈಯನ್ನು ಮನೆಯೊಡತಿಗೆ ಒಪ್ಪಿಸಿ ಬಂದೆ.

ಹೊರಡುವ ಮೊದಲೇ ಒಂದು ನಿರ್ಧಾರ ಮಾಡಿದ್ದೆ: ಅಲ್ಲಿ ಒಂದು ತರಗತಿಯನ್ನೂ ನಾನು ನಡೆಸಬಾರದು. ಬಿಟ್ಟುಹೋದ ಮೇಷ್ಟ್ರು ಆರು ವರ್ಷದ ಮೇಲೆ ಬಂದು ಮುಂದೆ ನಿಂತರೆ, ಅಷ್ಟು ದಿನ ಶಾಲೆಯನ್ನು ನಡೆಸಿಕೊಂಡು ಬಂದವರ ಕೆಲಸ ಮಂಕಾಗುತ್ತದೆ ಎಂಬುದು ನನ್ನ ಅಳುಕು. 2015ರಲ್ಲಿ ಯುನ್ನಾನ್ ಮಿನ್‌ಝು ವಿಶ್ವವಿದ್ಯಾಲಯದಲ್ಲಿ ಭಾರತ–ಚೀನಾ ಯೋಗ ಕಾಲೇಜು ಆರಂಭವಾದ ಮೇಲೆ ಆ ಊರಿನಲ್ಲಿ ಕಲಿತವರ ಸಂಖ್ಯೆ ಬೆಳೆದಿತ್ತು. ನನ್ನ ಜಾಗದಲ್ಲಿ ಈಗ ಕಲಿಸುತ್ತಿದ್ದುದು ಇಮೇಲ್ ವಿಳಾಸ ಉಳಿಸಿಕೊಂಡಿದ್ದ ಆ ಶಿಷ್ಯೆಯೇ. ಬೆಳಿಗ್ಗೆ ಆರೂವರೆಗೆ ಹಿಂದಿನ ಸಾಲಿನಲ್ಲಿ ಚಾಪೆ ಹಾಸಿದೆ.

‘ಏಕಂ’ ಎಂದಾಗ ಉಸಿರೆಳೆದು ಕೈಗಳು ಮೇಲೆದ್ದವು, ‘ದ್ವೇ’ ಎಂದಾಗ ಬಾಗಿದವು. ಉಸಿರೆಳೆಯಿರಿ ಎನ್ನಲು ಚೀನೀಯಲ್ಲಿ ‘ಶೀಚಿ’ ಎನ್ನಬೇಕು, ಮೊದಲ ಅಕ್ಷರ ಏರದೆ ಇಳಿಯದೆ ಒಂದೇ ಎತ್ತರದಲ್ಲಿ ನಿಲ್ಲಬೇಕು. ನಾನು ಅದನ್ನು ಕನ್ನಡದ ರಾಗದಲ್ಲಿ, ಎಳೆದು ಇಳಿಸಿ ಹೇಳುತ್ತಿದ್ದೆ. ಚೀನೀ ತಾಯ್ನುಡಿಯ ಆ ಹೆಣ್ಣುಮಗಳು ತರಗತಿಯಲ್ಲಿ ಆ ಪದವೊಂದನ್ನು ಮಾತ್ರ ನನ್ನ ಹಾಗೆಯೇ ಎಳೆದು ಇಳಿಸಿದಳು. ನನ್ನನ್ನು ಎಂದೂ ಕಾಣದ ಹೊಸ ವಿದ್ಯಾರ್ಥಿಗಳ ಉಸಿರು ಆ ಎಳೆತದುದ್ದಕ್ಕೂ ಸಾಗಿತು. ನನ್ನ ಕಣ್ಣು ತೇವವಾಯಿತು.

ಆದರೆ ಪಶ್ಚಿಮೋತ್ತಾನಾಸನ ಬಂದಾಗ ಆಕೆ ಯಾರ ಬೆನ್ನ ಮೇಲೂ ಕೈ ಇಡಲಿಲ್ಲ. ನಾನು ಕಲಿತದ್ದೂ ಕಲಿಸಿದ್ದೂ ಅಂಗೈಯಿಂದ ಬೆನ್ನನ್ನು ಒತ್ತಿ ಮುಂದಕ್ಕೆ ಬಾಗಿಸುವ ಕ್ರಮವನ್ನು. ತರಗತಿ ಮುಗಿದ ಮೇಲೆ ಕೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕಾರಣ ಹೇಳಿದಳು. ಕುನ್ಮಿಂಗ್‌ನ ಮನೆಗಳಲ್ಲಿ ಸಾಮಾನ್ಯವಾಗಿ ಚಳಿ ಕಾಯಿಸುವ ವ್ಯವಸ್ಥೆ ಇರುವುದಿಲ್ಲ. ಡಿಸೆಂಬರ್ ಬೆಳಗಿನಲ್ಲಿ ಸೆಡೆತುಕೊಂಡೇ ಬರುವ ದೇಹವನ್ನು ಒತ್ತಿದರೆ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಳ್ಳುತ್ತದೆ. ನನ್ನ ಕಾಲದಲ್ಲಿ ಇಬ್ಬರಿಗೆ ಹಾಗಾಗಿತ್ತಂತೆ. ಗುರುವಿಗೆ ಹೇಳಲು ಸಂಕೋಚಪಟ್ಟು ಅವರು ತರಗತಿಯನ್ನೇ ಬಿಟ್ಟಿದ್ದರು. ಅವರು ಬೇರೆ ಕೆಲಸದ ನಿಮಿತ್ತ ಬಿಟ್ಟರೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಈಗ ಆಕೆ ಸೂರ್ಯನಮಸ್ಕಾರದ ಸುತ್ತುಗಳನ್ನು ಹೆಚ್ಚಿಸಿ, ಪಾದಕ್ಕೆ ಬಟ್ಟೆಯ ಪಟ್ಟಿ ಹಾಕಿ, ಅವರವರೇ ಬಾಗುವಂತೆ ಬಿಡುತ್ತಾಳೆ. ಮರುದಿನ ನಾನೂ ಪಟ್ಟಿ ಹಿಡಿದು ಬಾಗಿದೆ. ಮೈಸೂರಿನ ನನ್ನ ತರಗತಿಯಲ್ಲೂ ಈಗ ಒತ್ತುವುದನ್ನು ನಿಲ್ಲಿಸಿದ್ದೇನೆ. ಬಿಟ್ಟುಹೋದ ಆ ಇಬ್ಬರಲ್ಲಿ ಒಬ್ಬರನ್ನು ಆಕೆಯ ಮೂಲಕ ಭೇಟಿಯಾಗಿ ಕ್ಷಮೆ ಕೇಳಿದೆ. ಅವರು ನನಗೆ ಚಹಾ ಬಗ್ಗಿಸಿಕೊಟ್ಟು, ಮೊದಲಿನಂತೆಯೇ ‘ಲಾವ್‌ಶ್ರ’, ಅಂದರೆ ಮೇಷ್ಟ್ರೇ, ಎಂದು ಕರೆದರು.

ಹತ್ತು ದಿನ ಕಳೆದು ಹೊರಟಾಗ ಚೆಂಗ್‌ಗೋಂಗ್ ಬಡಾವಣೆಯಲ್ಲಿರುವ ಕುನ್ಮಿಂಗ್ ದಕ್ಷಿಣ ನಿಲ್ದಾಣಕ್ಕೆ ಆರೇಳು ಮಂದಿ ಬಂದಿದ್ದರು. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ತಪಾಸಣೆಯ ಬಾಗಿಲಲ್ಲೇ ಎಲ್ಲರೂ ನಿಂತರು. ಹೊರಡುವವರಿಗೆ ಅವರಲ್ಲಿ ‘ಮಾನ್ ಝೌ’ ಎನ್ನುತ್ತಾರೆ, ನಿಧಾನವಾಗಿ ಹೋಗಿ ಎಂದರ್ಥ. ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ಹೇಳದೆ, ಆರು ವರ್ಷದ ಹಿಂದೆ ನಾನು ಕಲಿಸಿದ್ದ ಮಾತನ್ನು ತಡವರಿಸುತ್ತಾ ಕನ್ನಡದಲ್ಲೇ ಹೇಳಿದ: ‘ಹೋಗಿ ಬನ್ನಿ’.